ಓದುಗರ ಪ್ರಶ್ನೆ: ಒಂದು ಸಾಲಿನ ಐಡಿಯಾ ಸಿನಿಮಾ ಆಗೋದು ಹೇಗೆ?

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ. ಆನಿಮೇಷನ್ ಸಾಹಸ ಚಿತ್ರದ ಕಥೆ ಎಲ್ಲಿಂದ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ? ನಾನು ಬೆಂಗಳೂರಿನಲ್ಲಿ ಸ್ಟೋರಿಬೋರ್ಡ್ ಕಲಾವಿದೆ. ಬರೆದ ಕಥೆಯನ್ನು ಮೊದಲ ಸಲ ಚಿತ್ರಕ್ಕೆ ತಂದು, ಯಾವ ಶಾಟ್ ಆದ ಮೇಲೆ ಯಾವ ಶಾಟ್ ಅಂತ ಬಿಡಿಸಿ ತೋರಿಸುವುದು ನನ್ನ ಕೆಲಸ. ಹೊಟ್ಟೆಪಾಡೂ ಅದೇ, ಪ್ರೀತಿಯೂ ಅದೇ. ಹಾಗಾಗಿ ಈ ಸಲ ಕೆಲವೇ ಪತ್ರಗಳನ್ನು ಆರಿಸಿಕೊಂಡು ಸ್ವಲ್ಪ ಉದ್ದವಾಗಿಯೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ಪಿಯುಸಿ ಓದುತ್ತಿದ್ದೇನೆ. ನಮ್ಮ ಅಜ್ಜಿಯ ಊರು ಶರಾವತಿ ಹಿನ್ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಹಳೇ ಕಟ್ಟೆ, ಸತ್ತ ಮರದ ಬೊಡ್ಡೆ ಎಲ್ಲ ಕಾಣುತ್ತವೆ. ಒಬ್ಬಳು ಹುಡುಗಿ ಆ ಮುಳುಗಿದ ಊರಿಗೆ ನಡೆದುಕೊಂಡು ಹೋಗುತ್ತಾಳೆ. ನನ್ನ ಹತ್ತಿರ ಇರುವ ಐಡಿಯಾ ಇಷ್ಟೇ. ಇದರಿಂದ ಸಿನಿಮಾ ಆಗುತ್ತಾ?
(ವಿದ್ಯಾರ್ಥಿನಿ, ಸಾಗರ)

ಉತ್ತರ: ಆಗುತ್ತೆ ಕಣಮ್ಮಾ. ನಿನ್ನ ಪತ್ರ ಓದಿದ ಮೇಲೆ ನಾನು ಬೇರೆ ಪತ್ರ ತೆರೆಯುವುದಕ್ಕೆ ತುಂಬಾ ಹೊತ್ತು ಹಿಡಿಯಿತು.

ನಿನ್ನದಕ್ಕಿಂತ ಚಿಕ್ಕ ಐಡಿಯಾದಿಂದ ಹುಟ್ಟಿದ ಒಂದು ಸಿನಿಮಾದ ಕಥೆ ಹೇಳುತ್ತೇನೆ. ಅದರ ಹೆಸರು 'ಫ್ಲೋ'. ಮಾಡಿದವರು ಲಾಟ್ವಿಯಾ ದೇಶದ ಗಿಂಟ್ಸ್ ಜಿಲ್ಬಲೋಡಿಸ್. ಹುಟ್ಟಿದ್ದು 1994ರಲ್ಲಿ. 2012ರಲ್ಲಿ, ಇನ್ನೂ ಓದುತ್ತಿದ್ದಾಗ, ಅವರು 'ಆಕ್ವಾ' ಅನ್ನುವ ಕಿರುಚಿತ್ರ ಮಾಡಿದರು. ಒಂದು ಬೆಕ್ಕು. ಅದಕ್ಕೆ ನೀರು ಕಂಡರೆ ಭಯ. ಸುತ್ತ ನೀರೇ ನೀರು. ಅಷ್ಟೇ. ಆಗ ಅವರಿಗೆ ಹೆಚ್ಚು ಕಡಿಮೆ ನಿನ್ನದೇ ವಯಸ್ಸು.

ಆಮೇಲೆ 2019ರಲ್ಲಿ ಅವರು 'ಅವೇ' ಅನ್ನುವ ಪೂರ್ಣ ಪ್ರಮಾಣದ ಚಿತ್ರವನ್ನು ಒಬ್ಬರೇ ಕೂತು ಮುಗಿಸಿದರು. ಕಥೆ, ಚಿತ್ರ, ಚಲನೆ, ಸಂಗೀತ ಎಲ್ಲ ಅವರದೇ. ಅದಾದ ಮೇಲೆ ದೊಡ್ಡ ಚಿತ್ರ ಮಾಡುವ ಅವಕಾಶ ಬಂತು. ಈ ಸಲ ಜೊತೆಗೆ ತಂಡ ಇರಬೇಕು. ಬರೆಯುವುದಕ್ಕೆ ಮಟೀಸ್ ಕಜಾ ಜೊತೆಯಾದರು. ಲಾಟ್ವಿಯಾ, ಫ್ರಾನ್ಸ್, ಬೆಲ್ಜಿಯಂ ಮೂರು ದೇಶದವರು ಸೇರಿದರು. ಆಗ ಅವರು ತಮ್ಮ ಹಳೇ ಬೆಕ್ಕನ್ನು ಮತ್ತೆ ಕೈಗೆತ್ತಿಕೊಂಡರು.

ಇಲ್ಲಿಂದ ಮುಂದಿನದನ್ನು ಗಮನ ಇಟ್ಟು ಓದು. ಕಿರುಚಿತ್ರದಲ್ಲಿ ಭಯ ಇದ್ದದ್ದು ನೀರಿನದು. ದೊಡ್ಡ ಚಿತ್ರದಲ್ಲೂ ನೀರಿದೆ, ಪ್ರವಾಹವೇ ಬರುತ್ತದೆ. ಆದರೆ ಬೆಕ್ಕಿನ ನಿಜವಾದ ಕಷ್ಟ ಬೇರೆ. ಒಂದು ಸಣ್ಣ ದೋಣಿ. ಅದರಲ್ಲಿ ಬೇರೆ ಬೇರೆ ಪ್ರಾಣಿಗಳ ಜೊತೆ ಇರಬೇಕು. ಒಂಟಿಯಾಗಿ ಬದುಕಿ ಅಭ್ಯಾಸವಾದ ಜೀವಕ್ಕೆ ಇನ್ನೊಬ್ಬರನ್ನು ನಂಬುವುದು ಬರುವುದಿಲ್ಲ. ಒಬ್ಬರೇ ಸಿನಿಮಾ ಮಾಡಿದ ಮನುಷ್ಯ ಮೊದಲ ಸಲ ತಂಡದ ಜೊತೆ ಕೆಲಸ ಮಾಡಲು ಹೊರಟಿದ್ದರಲ್ಲ, ಆ ಅಳುಕೇ ಬೆಕ್ಕಿನದೂ ಆಯಿತು. ಇದನ್ನು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ.

ಬೆಕ್ಕಿನ ಕಷ್ಟ ಇದು ಅಂತ ಗೊತ್ತಾದ ಮೇಲೆ ದೋಣಿಗೆ ಯಾರು ಹತ್ತಬೇಕು ಅನ್ನುವುದೂ ತಾನಾಗಿಯೇ ತಿಳಿಯುತ್ತಾ ಹೋಗುತ್ತದೆ. ಬೆಕ್ಕು ಯಾರನ್ನೂ ನಂಬುವುದಿಲ್ಲ, ಹಾಗಾದರೆ ಎಲ್ಲರನ್ನೂ ನಂಬುವ ನಾಯಿ ಒಂದಿರಲಿ. ಸಿಕ್ಕಿದ ಸಾಮಾನನ್ನೆಲ್ಲ ಬುಟ್ಟಿಗೆ ತುಂಬಿಕೊಳ್ಳುವ ಲೀಮರ್ (ಕೋತಿಯಂಥ ಪ್ರಾಣಿ) ಇರಲಿ. ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಮಲಗುವ ಕ್ಯಾಪಿಬಾರಾ (ಇಲಿ ಜಾತಿಯ ದೊಡ್ಡ ಪ್ರಾಣಿ) ಇರಲಿ. ಬೆಕ್ಕಿನ ಪರ ನಿಂತು ತನ್ನ ಗುಂಪನ್ನೇ ಕಳೆದುಕೊಳ್ಳುವ ಉದ್ದ ಕಾಲಿನ ಹಕ್ಕಿ ಇರಲಿ. ಒಬ್ಬೊಬ್ಬರೂ ಬೆಕ್ಕಿಗೆ ಒಂದೊಂದು ಪ್ರಶ್ನೆ ಹಾಕುವವರೇ. ಸುಮ್ನೆ ಚೆಂದ ಕಾಣಲಿ ಅಂತ ಬಂದವರು ಒಬ್ಬರೂ ಇಲ್ಲ. ಕೆಲಸ ಸುಮಾರು ಐದೂವರೆ ವರ್ಷ ನಡೆಯಿತು. 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ. 2025ರಲ್ಲಿ ಆಸ್ಕರ್. ಲಾಟ್ವಿಯಾಕ್ಕೆ ಬಂದ ಮೊದಲ ಆಸ್ಕರ್ ಅದು.

ಈಗ ನಿನ್ನ ಹುಡುಗಿಗೆ ಬರೋಣ. ನಿನ್ನ ಹತ್ತಿರ ಜಾಗ ಇದೆ. ಎಂಥಾ ಜಾಗ! ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು 1940ರ ದಶಕದ್ದು. 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಒಂದು ಅಣೆಕಟ್ಟೇ ಇನ್ನೊಂದರ ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ವರ್ಷ ಅದು ಪೂರ್ತಿ ಮೇಲೆ ಬಂದು ನಿಲ್ಲುತ್ತದೆ. ಕೆಸರು ಒಣಗಿ ಬಿರುಕು ಬಿಟ್ಟ ನೆಲ, ಹೆಚ್ಚಾದ ನೀರನ್ನು ಹೊರಗೆ ಬಿಡುತ್ತಿದ್ದ ಕಟ್ಟೆಯ ದೊಡ್ಡ ದೊಡ್ಡ ಸೈಫನ್‌ಗಳು. ಇದನ್ನೆಲ್ಲ ಹೊಸದಾಗಿ ಕಲ್ಪಿಸಿಕೊಳ್ಳುವ ಕಷ್ಟ ನಿನಗಿಲ್ಲ. ಸಮಯದ ಒತ್ತಡವೂ ತಾನಾಗಿಯೇ ಬಂದಿದೆ. ಮುಂಗಾರು ಹಿಡಿದರೆ ನೀರು ಏರುತ್ತದೆ, ದಾರಿ ಮುಚ್ಚುತ್ತದೆ. ಸಾಹಸದ ಕಥೆ ಬರೆಯುವವರು ಇಂಥದ್ದೊಂದು ಗಡುವಿಗಾಗಿ ಎಷ್ಟು ಒದ್ದಾಡುತ್ತಾರೆ ಗೊತ್ತಾ? ನಿನಗೆ ಆಕಾಶವೇ ಕೊಟ್ಟಿದೆ.

ಇಲ್ಲದಿರುವುದು ಒಂದೇ. ಅವಳು ಯಾಕೆ ಹೋಗುತ್ತಾಳೆ? 'ನೋಡೋಕೆ' ಅಂತ ಬರೆಯಬೇಡ. ನೋಡೋಕೆ ಹೋದವಳು ಬಿಸಿಲು ಜಾಸ್ತಿಯಾದರೆ ವಾಪಸ್ ಬಂದುಬಿಡುತ್ತಾಳೆ. ನೀರು ಏರುತ್ತಿದ್ದರೂ ವಾಪಸ್ ಬರಲಾರದಂಥ ಕಾರಣ ಬೇಕು. ಅದನ್ನು ನಾನು ಕೊಡುವುದಿಲ್ಲ, ನೀನು ಅಜ್ಜಿಯನ್ನು ಕೇಳು. ಊರು ಬಿಡುವಾಗ ಏನೇನು ಹೊತ್ತುಕೊಂಡು ಬಂದಿರಿ, ಏನನ್ನು ಬಿಟ್ಟು ಬಂದಿರಿ? ಯಾವುದನ್ನು ಬಿಟ್ಟಿದ್ದಕ್ಕೆ ಇವತ್ತಿಗೂ ಬೇಜಾರಿದೆ? ಒರಳುಕಲ್ಲು ಅನ್ನಬಹುದು. ಹಟ್ಟಿಗೆ ವಾಪಸ್ ಬಾರದ ಒಂದು ದನ ಅನ್ನಬಹುದು. ಜಗಳ ಆಡಿ ಮಾತು ಬಿಟ್ಟ ಪಕ್ಕದ ಮನೆಯ ಗೆಳತಿ ಅನ್ನಬಹುದು. ಅಜ್ಜಿ ಹೇಳುವಾಗ ಬರೆದುಕೊಳ್ಳಬೇಡ, ಅವರ ಮುಖ ನೋಡು. ಯಾವ ಮಾತಿಗೆ ಅವರು ಸುಮ್ಮನಾಗುತ್ತಾರೋ ಕಥೆ ಅಲ್ಲಿದೆ.

ಇನ್ನೊಂದು ಕಿವಿಮಾತು. ಆ ಹುಡುಗಿಗೆ ಈ ಕೆಲಸಕ್ಕೆ ಆಗಿಬರದ ಒಂದು ಗುಣ ಇರಲಿ. ಲಾಂಚ್ ಹತ್ತುವುದಕ್ಕೂ ಹೆದರುವವಳೋ, ಹಳೆಯ ಮಾತು ಎತ್ತಿದರೆ ಸಿಡುಕುವವಳೋ ಇರಲಿ. ಧೈರ್ಯಸ್ಥೆಯನ್ನು ಸಾಹಸಕ್ಕೆ ಕಳಿಸಿದರೆ ನೋಡುವವರಿಗೆ ಆತಂಕವೇ ಇರುವುದಿಲ್ಲ. ಈಗಲೇ ಮಾಯದ ಮೊಸಳೆ, ನಿಧಿ, ಮಂತ್ರವಾದಿ ಅಂತ ಸೇರಿಸುತ್ತಾ ಹೋಗಬೇಡ. ಕಾರಣ ಗಟ್ಟಿಯಾದ ಮೇಲೆ ಅವು ಬೇಕೋ ಬೇಡವೋ ನಿನಗೇ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಮಕ್ಕಳಿಗೆ 'ಅಪ್' ಚಿತ್ರ ತೋರಿಸಿದೆವು. ಬಲೂನು ಕಟ್ಟಿದ ಮನೆ ಹಾರಿದಾಗ ಇಡೀ ಹಾಲ್ ಎದ್ದು ಚಪ್ಪಾಳೆ ಹೊಡೆಯಿತು. ಇಂಥ ಐಡಿಯಾ ಅವರಿಗೆ ಮೊದಲ ದಿನವೇ ಹೊಳೆದಿತ್ತಾ?
(ಹೈಸ್ಕೂಲ್ ಶಿಕ್ಷಕರು, ರಾಯಚೂರು)

ಉತ್ತರ: ಇಲ್ಲ ಸರ್. ಅದು ನಡೆದ ದಾರಿ ಮಕ್ಕಳಿಗೆ ಹೇಳುವಂಥದ್ದು.

ನಿರ್ದೇಶಕ ಪೀಟ್ ಡಾಕ್ಟರ್ ಅವರ ಮೊದಲ ಕಥೆಯಲ್ಲಿ ಮುದುಕನೂ ಇಲ್ಲ, ಬಲೂನೂ ಇಲ್ಲ. ಆಕಾಶದಲ್ಲಿ ತೇಲುವ ಒಂದು ಕೋಟೆ. ಅಲ್ಲಿ ರಾಜ, ಅವನಿಗೆ ಇಬ್ಬರು ಮಕ್ಕಳು. ಪಟ್ಟಕ್ಕಾಗಿ ಕಿತ್ತಾಡುವ ಆ ಇಬ್ಬರೂ ಒಂದು ದಿನ ಭೂಮಿಗೆ ಬೀಳುತ್ತಾರೆ. ವಾಪಸ್ ಹೋಗುವ ದಾರಿ ಹುಡುಕುತ್ತಾ ಅಲೆಯುವಾಗ ಒಂದು ಎತ್ತರದ ಹಕ್ಕಿ ಸಿಗುತ್ತದೆ. ಈ ಕಥೆ ನಿಲ್ಲಲಿಲ್ಲ. ಆ ರಾಜಕುಮಾರರ ಮೇಲೆ ಯಾರಿಗೂ ಮನಸ್ಸು ಬರಲಿಲ್ಲ. ಅದರಲ್ಲಿ ಕೊನೆಗೂ ಉಳಿದದ್ದು ಎರಡೇ: ಆ ಹಕ್ಕಿ ಮತ್ತು 'ಅಪ್' ಅನ್ನುವ ಹೆಸರು.

ಮುಂದಿನ ಸುತ್ತಿನಲ್ಲಿ ಮನೆ ಹಾರಿತು. ಹೆಂಡತಿಯನ್ನು ಕಳೆದುಕೊಂಡ ಕಾರ್ಲ್ ಬಂದ, ಜೊತೆಗೆ ಹುಡುಗ ರಸೆಲ್ ಬಂದ. ಆದರೆ ಅವರ ಮನೆ ಹೋಗಿ ಇಳಿದದ್ದು ಮೋಡದಂತೆ ವೇಷ ಹಾಕಿದ ಸೋವಿಯತ್ ಕಾಲದ ಒಂದು ಗೂಢಚಾರಿ ವಾಯುನೌಕೆಯ ಮೇಲೆ! ಅದೂ ಹೋಯಿತು. ಮತ್ತೊಂದು ಸುತ್ತಿನಲ್ಲಿ ಹಕ್ಕಿಯ ಮೊಟ್ಟೆ ತಿಂದರೆ ಮುಪ್ಪೇ ಬರುವುದಿಲ್ಲ ಅನ್ನುವ ಎಳೆ ಇತ್ತು. ಕಥೆಗೆ ಅದು ಭಾರವಾಯಿತು ಅಂತ ಕೈಬಿಟ್ಟರು.

ಇಷ್ಟೆಲ್ಲ ಬದಲಾದರೂ ಒಳಗಿನ ಆಸೆ ಒಂದೇ ಇತ್ತು ನೋಡಿ. ಜನರ ಗದ್ದಲದಿಂದ ದೂರ, ಎಲ್ಲಾದರೂ ಮೇಲೆ ಹೋಗಿಬಿಡಬೇಕು. ಅದು ನಿರ್ದೇಶಕರ ಸ್ವಂತ ಆಸೆ. ತೇಲುವ ಕೋಟೆಯಲ್ಲೂ ಅದೇ ಇತ್ತು. ಆದರೆ ಕೋಟೆಯಲ್ಲಿ ಹುಟ್ಟಿ ಬೆಳೆದವನಿಗೆ ಮೇಲೆ ಇರುವುದು ದಿನನಿತ್ಯದ ಸಂಗತಿ. ಬೇಲಿ ಹಾಕಿದ ಪುಟ್ಟ ಮನೆಯಲ್ಲಿ, ಸುತ್ತ ದೊಡ್ಡ ಕಟ್ಟಡ ಏಳುತ್ತಿರುವಾಗ, ಒಬ್ಬಂಟಿ ಮುದುಕ ಬಲೂನು ಕಟ್ಟಿ ಹೊರಟರೆ ಆ ಆಸೆ ನಮಗೂ ಮುಟ್ಟುತ್ತದೆ. ಮನೆ ಅಂದರೆ ಅವನಿಗೆ ತೀರಿಹೋದ ಹೆಂಡತಿಯೇ. ಅದಕ್ಕೇ ಅವನು ಅದನ್ನು ಬೆನ್ನಿಗೆ ಹಗ್ಗ ಕಟ್ಟಿಕೊಂಡು ಬಂಡೆಗಳ ಮೇಲೆ ಎಳೆಯುತ್ತಾನೆ. ಕೊನೆಗೆ ಮನೆ ಮತ್ತೆ ಹಾರಬೇಕಾದರೆ ಒಳಗಿನ ಕುರ್ಚಿ, ಮೇಜು ಎಲ್ಲ ಹೊರಗೆ ಎಸೆಯಬೇಕಾಗುತ್ತದೆ. ಒಂದೂ ಮಾತಿಲ್ಲದೆ ಅವನ ಮನಸ್ಸು ಹಗುರವಾಗುವುದು ನಮಗೆ ಕಾಣುತ್ತದೆ. ನನ್ನ ಮಟ್ಟಿಗೆ ಆನಿಮೇಷನ್ ಕಥೆಗಾರಿಕೆಯಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಅವರು ಜಾಗ ಹುಡುಕಿಕೊಂಡೂ ಹೋದರು. 2004ರಲ್ಲಿ ತಂಡದವರು ವೆನಿಜುವೆಲಾದ ಕಡೆಯ ಟೆಪುಯಿ ಅನ್ನುವ ಚಪ್ಪಟೆ ನೆತ್ತಿಯ ಬೆಟ್ಟಗಳಿಗೆ ಹೋಗಿ, ರೊರೈಮಾ ಹತ್ತಿ, ಅಲ್ಲೇ ಕೂತು ಚಿತ್ರ ಬರೆದರು. ಚಿತ್ರದಲ್ಲಿನ ವಿಚಿತ್ರ ಬಂಡೆಗಳು ಅಲ್ಲಿ ಕಂಡ ಬಂಡೆಗಳೇ. ಮನೆ ನೆಲ ಬಿಡುವ ದೃಶ್ಯಕ್ಕೆ 20,622 ಬಲೂನು ಮಾಡಿದ್ದರು, ಈ ಲೆಕ್ಕ ನಿಮ್ಮ ಮಕ್ಕಳಿಗೆ ಖುಷಿ ಕೊಡಬಹುದು. ಕಾರ್ಲ್‌ನ ತಲೆ, ಕನ್ನಡಕ, ಕುರ್ಚಿ ಎಲ್ಲ ಚೌಕ. ರಸೆಲ್ ಬಲೂನಿನಂತೆ ಗುಂಡಗೆ. ಮತ್ತೊಮ್ಮೆ ತೋರಿಸುವಾಗ ಮಕ್ಕಳಿಗೆ ಇದೊಂದನ್ನು ಹುಡುಕಲು ಹೇಳಿ. ಆಮೇಲೆ ಅವರದೇ ಕಥೆಯ ಪಾತ್ರಗಳನ್ನು ಬರೀ ಚೌಕ, ತ್ರಿಕೋನ, ವೃತ್ತದಲ್ಲಿ ಬರೆಸಿ. ಯಾರು ಹಟಮಾರಿ, ಯಾರು ಮೃದು ಅನ್ನುವುದು ಬಣ್ಣ ಹಚ್ಚುವ ಮುಂಚೆಯೇ ಗೊತ್ತಾಗಬೇಕು.

ಪ್ರಶ್ನೆ: 'ಫ್ಲೋ' ಸಿನಿಮಾದಲ್ಲಿ ಒಂದೂ ಮಾತಿಲ್ಲವಂತೆ. ಒಂದೂವರೆ ತಾಸಿನ ತನಕ ಮಾತಿಲ್ಲದೆ ಮಂದಿಯನ್ನು ಹಿಡಿದು ಕೂಡಿಸುವುದು ಹೆಂಗ್ರೀ?
(ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ)

ಉತ್ತರ: ಮಾತಿಲ್ಲ ಸರ್, ಆದರೆ ಸದ್ದು ತುಂಬಾ ಇದೆ. ಅಲ್ಲಿನ ಪ್ರಾಣಿಗಳು ಮನುಷ್ಯರಂತೆ ಮಾತಾಡುವುದಿಲ್ಲ. ಪ್ರಾಣಿಗಳ ನಿಜವಾದ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿದ್ದಾರೆ. ಕ್ಯಾಪಿಬಾರಾಕ್ಕೆ ಬೇರೆ ದಾರಿ ಹಿಡಿದರು. ಅದರ ಅಸಲಿ ದನಿ ತೀರಾ ಕೀರಲು. ದೋಣಿಯಲ್ಲಿ ನಿಶ್ಚಿಂತೆಯಿಂದ ಬಿದ್ದುಕೊಂಡಿರುವ ಆ ದೊಡ್ಡ ಜೀವಕ್ಕೆ ಅದು ಹೊಂದಲಿಲ್ಲ. ಹಾಗಾಗಿ ಒಂಟೆ ಮರಿಯ ದನಿ ಕೊಟ್ಟರು. ನೋಡುವಾಗ ಯಾರಿಗೂ ಅನುಮಾನ ಬರುವುದಿಲ್ಲ.

ಚಲನೆ ಕೂಡ ಹಾಗೇ. ಪ್ರಾಣಿಗಳ ಮೈಗೆ ಸೆನ್ಸರ್ ಕಟ್ಟಿ ಹಿಡಿದ ಚಲನೆ ಅಲ್ಲ ಅದು. ಆನಿಮೇಟರ್‌ಗಳು ಬೆಕ್ಕಿನ ವಿಡಿಯೋಗಳನ್ನು ನೋಡಿ ನೋಡಿ, ಒಂದೊಂದು ಭಂಗಿಯನ್ನೂ ಕೈಯಿಂದಲೇ ಕೂರಿಸಿದ್ದಾರೆ. ಬೆಕ್ಕಿನ ಕಿವಿ ಹಿಂದಕ್ಕೆ ಮಡಚಿದರೆ ಭಯ ಅಂತ ನಮಗೆ ಹೇಳಿಕೊಡಬೇಕಾ? ಮನೆಯಲ್ಲಿ ಬೆಕ್ಕು ಸಾಕಿದವರಿಗೆಲ್ಲ ಆ ಭಾಷೆ ಗೊತ್ತು.

ನಾನೂ ಯಾವುದೇ ದೃಶ್ಯವನ್ನು ಮೊದಲು ಮಾತಿಲ್ಲದೆ ಬರೆಯುತ್ತೇನೆ. ಚಿತ್ರಗಳನ್ನು ಗೋಡೆಗೆ ಅಂಟಿಸಿ, ಕಥೆ ಗೊತ್ತಿಲ್ಲದ ಯಾರನ್ನಾದರೂ ಕರೆದು 'ಏನಾಗ್ತಿದೆ ಹೇಳಿ' ಅನ್ನುತ್ತೇನೆ. ಅವರಿಗೆ ಹೊಳೆದರೆ ಆಮೇಲೆ ಮಾತು ಸೇರಿಸುವುದು ಸುಲಭ. 'ಅಪ್' ಚಿತ್ರದ ಆರಂಭದಲ್ಲಿ ಗಂಡ ಹೆಂಡತಿಯ ಇಡೀ ಬದುಕು ಕೆಲವೇ ನಿಮಿಷದಲ್ಲಿ, ಮಾತಿಲ್ಲದೆ ಬರೀ ಸಂಗೀತದಲ್ಲಿ ಸಾಗುತ್ತದಲ್ಲ, ಅದನ್ನು ಒಮ್ಮೆ ನೋಡಿ. ಕಣ್ಣೀರು ಬರದೆ ಇರುವುದಿಲ್ಲ.

ಪ್ರಶ್ನೆ: ಗೋವಿನ ಹಾಡನ್ನು ಆನಿಮೇಷನ್ ಸಾಹಸ ಚಿತ್ರ ಮಾಡಬಹುದಾ? ಅದರಲ್ಲಿ ಸಾಹಸ ಎಲ್ಲಿದೆ ಅಂತ ನಮ್ಮ ಮನೆಯಲ್ಲಿ ವಾದ.
(ಗೃಹಿಣಿ, ಮೂಡುಬಿದಿರೆ)

ಉತ್ತರ: ಆನಿಮೇಷನ್ ಅಂತೂ ಆಗಿದೆ. ವಿ. ರವಿಶಂಕರ್ ಅವರ 'ಪುಣ್ಯಕೋಟಿ' 2020ರಲ್ಲಿ ಬಂತು. ಜನರಿಂದಲೇ ಹಣ ಕೂಡಿಸಿ ಮಾಡಿದ ಸಂಸ್ಕೃತ ಆನಿಮೇಷನ್ ಚಿತ್ರ ಅದು. ಸಂಗೀತ ಇಳಯರಾಜ ಅವರದು. ನಮ್ಮ ಹಾಡಿನ ಹಸು ಅಷ್ಟು ದೂರ ಹೋಗಿದ್ದು ನನಗೆ ತುಂಬಾ ಹೆಮ್ಮೆ.

ನಿಮ್ಮ ಮನೆಯ ವಾದದಲ್ಲಿ ನಾನು ಸಾಹಸ ಇದೆ ಅನ್ನುವವರ ಕಡೆ. ಹುಲಿಯ ಕೈಯಿಂದ ತಪ್ಪಿಸಿಕೊಂಡು ಮನೆ ಸೇರಿದರೆ ಸಾಧಾರಣ ಕಥೆಗಳು ಮುಗಿಯುತ್ತವೆ. ಇಲ್ಲಿ ಹಸು ದೊಡ್ಡಿ ಸೇರಿದೆ, ಕರುವಿಗೆ ಹಾಲು ಕೊಟ್ಟಿದೆ, ಹುಲಿ ದೂರದ ಕಾಡಿನಲ್ಲಿದೆ. ಇನ್ನು ಹೋಗದಿದ್ದರೆ ಕೇಳುವವರು ಯಾರು? ಆದರೂ ಹೊರಡುತ್ತದೆ. ಹೋಗುವಾಗಿನ ದಾರಿಯೇ ಬರುವಾಗಲೂ ಇದೆ, ಅದೇ ಬಂಡೆ, ಅದೇ ಹಳ್ಳ. ಆದರೆ ಬರುವಾಗ ಕರುವಿನ ಕಡೆಗೆ ಓಟ, ಹೋಗುವಾಗ ಸಾವಿನ ಕಡೆಗೆ ನಡಿಗೆ. ನನಗೆ ಬೋರ್ಡ್ ಬರೆಯಲು ಕೊಟ್ಟರೆ ಆ ದಾರಿಯನ್ನು ಎರಡೂ ಸಲ ಒಂದೇ ಜಾಗದಲ್ಲಿ ಕ್ಯಾಮೆರಾ ಇಟ್ಟು ಬರೆಯುತ್ತೇನೆ. ಮೊದಲ ಸಲ ಬೇಗ ಬೇಗ ಕತ್ತರಿಸುತ್ತೇನೆ, ಎರಡನೇ ಸಲ ಒಂದೇ ಉದ್ದ ಶಾಟ್.

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ. 'ಫ್ಲೋ' ನೋಡಿ ಬಂದಮೇಲೆ ತಾನೂ ಸಿನಿಮಾ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅದನ್ನು ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದಾರಂತೆ. ನಿಜವೇ? ನಾವು ದುಬಾರಿ ಕಂಪ್ಯೂಟರ್ ಕೊಡಿಸಬೇಕಾ?
(ಡೊಂಬಿವಲಿಯ ಕನ್ನಡಿಗರು)

ಉತ್ತರ: ನಿಜ. ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್ ಅದು. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ದೊಡ್ಡ ಸ್ಟುಡಿಯೋಗಳಲ್ಲಿ ಒಂದೊಂದು ಫ್ರೇಮ್, ಅಂದರೆ ಸಿನಿಮಾದ ಒಂದೊಂದು ಬಿಡಿ ಚಿತ್ರ, ತಯಾರಾಗಲು ಗಂಟೆಗಟ್ಟಲೆ ಬೇಕು. ಅದಕ್ಕೆ ಸಾಲು ಸಾಲು ಕಂಪ್ಯೂಟರ್ ಇಡುತ್ತಾರೆ. 'ಫ್ಲೋ' ತಂಡ ಬ್ಲೆಂಡರ್‌ನ ಇವೀ ಅನ್ನುವ ವೇಗದ ದಾರಿ ಹಿಡಿಯಿತು. ಒಂದು ಫ್ರೇಮ್‌ಗೆ ಕೆಲವೇ ಸೆಕೆಂಡು. ಲೆಕ್ಕ ಹಾಕಿ ನೋಡಿ. ಸುಮಾರು 85 ನಿಮಿಷದ ಚಿತ್ರ, ಸೆಕೆಂಡಿಗೆ 24 ಫ್ರೇಮ್, ಒಟ್ಟು 1,22,400 ಫ್ರೇಮ್. ಒಂದಕ್ಕೆ 5 ಸೆಕೆಂಡು ಅಂದುಕೊಂಡರೂ ಏಳು ದಿನದಲ್ಲಿ ಇಡೀ ಚಿತ್ರ ಹೊರಗೆ ಬರುತ್ತದೆ. ನಿರ್ದೇಶಕರ ಸ್ವಂತ ಕಂಪ್ಯೂಟರೇ ಆ ಕೆಲಸ ಮಾಡಿತು. ಆದರೆ ಸಾಫ್ಟ್‌ವೇರ್ ಪುಕ್ಕಟೆ ಅಂದಮಾತ್ರಕ್ಕೆ ಸಿನಿಮಾ ಪುಕ್ಕಟೆ ಆಗುವುದಿಲ್ಲ. ವರ್ಷಗಟ್ಟಲೆ ಕೂತು ಕೆಲಸ ಮಾಡಿದವರಿಗೆ ಸಂಬಳ ಬೇಕಲ್ವಾ? ಅದಕ್ಕೆ ಸುಮಾರು 35 ಲಕ್ಷ ಯೂರೋ ಖರ್ಚಾಯಿತು. ಹಾಗಿದ್ದರೂ 'ಅಪ್' ಚಿತ್ರದ ಖರ್ಚು 17.5 ಕೋಟಿ ಡಾಲರ್ ಇತ್ತು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಮಗನಿಗೆ ಹೇಳಿ. ಜಿಲ್ಬಲೋಡಿಸ್ ಸ್ಟೋರಿಬೋರ್ಡ್ ಬರೆಯಲಿಲ್ಲ. ಕಂಪ್ಯೂಟರಿನಲ್ಲಿ ಒರಟಾಗಿ ಜಾಗ ಕಟ್ಟಿ, ಅದರೊಳಗೆ ಕ್ಯಾಮೆರಾ ಓಡಾಡಿಸುತ್ತಾ ಶಾಟ್ ಹುಡುಕಿದರು. ನೀವೇನು ಹೇಳುತ್ತೀರಿ ಅಂತ ಹಲವರು ನನ್ನನ್ನು ಕೇಳಿದ್ದಾರೆ. ನನಗೆ ಅದು ಸರಿಯಾಗಿಯೇ ಕಾಣುತ್ತದೆ. ನೀರಿನ ಮೇಲೆ ತೇಲುವ ದೋಣಿಯ ಕಥೆಯಲ್ಲಿ ಕ್ಯಾಮೆರಾ ಕೂಡ ಬೆಕ್ಕಿನ ಹಿಂದೆ ಅಲೆಯಬೇಕು. ಕಾಗದದ ಚೌಕಗಳಲ್ಲಿ ಅದು ಸಿಗುವುದು ಕಷ್ಟ. ಆದರೆ ಹನ್ನೊಂದು ವರ್ಷದ ಹುಡುಗ ಅಲ್ಲಿಂದ ಶುರು ಮಾಡಿದರೆ ಸಾಫ್ಟ್‌ವೇರ್ ಕಲಿಯುವುದರಲ್ಲೇ ಕಥೆ ಮರೆತುಹೋಗುತ್ತದೆ.

ಕಂಪ್ಯೂಟರ್ ಈಗ ಬೇಡ. ಒಂದು ನೋಟ್‌ಬುಕ್, ಮೆತ್ತಗಿನ ಪೆನ್ಸಿಲ್, ನಿಮ್ಮ ಮೊಬೈಲ್ ಸಾಕು. ಒಂದು ಪ್ರಾಣಿ ಆರಿಸಿಕೊಳ್ಳಲಿ. ಅದಕ್ಕೆ ಏನೋ ಒಂದು ಬೇಕು, ಮಧ್ಯೆ ಏನೋ ಒಂದು ಅಡ್ಡ ಇದೆ. ಉದಾಹರಣೆಗೆ, ಲೋಕಲ್ ಟ್ರೈನಿನ ಪ್ಲಾಟ್‌ಫಾರ್ಮ್ ಮೇಲಿನ ನಾಯಿಗೆ ಆಚೆ ಪ್ಲಾಟ್‌ಫಾರ್ಮ್ ತಲುಪಬೇಕು. ಇಪ್ಪತ್ತು ಚಿತ್ರದೊಳಗೆ ಬರೆಯಲಿ, ಚೆಂದ ಕಾಣಬೇಕು ಅಂತಿಲ್ಲ, ಕಡ್ಡಿ ಕಾಲು ಇದ್ದರೂ ನಡೆಯುತ್ತದೆ. ಮೊಬೈಲ್‌ನಲ್ಲಿ ಒಂದೊಂದನ್ನೂ ಫೋಟೋ ಹೊಡೆದು, ಎರಡೆರಡು ಸೆಕೆಂಡು ನಿಲ್ಲುವಂತೆ ಜೋಡಿಸಿ. ಇದಕ್ಕೆ ನಮ್ಮ ಕಡೆ ಆನಿಮ್ಯಾಟಿಕ್ ಅನ್ನುತ್ತೇವೆ, ದೊಡ್ಡ ಸಿನಿಮಾಗಳೂ ಮೊದಲು ಹೀಗೇ ಇರುತ್ತವೆ. ಮನೆಯವರೆಲ್ಲ ಕೂತು ನೋಡಿ. ಅವನು ಪಕ್ಕದಲ್ಲಿ ನಿಂತು ವಿವರಿಸಬಾರದು, ನೀವೂ ಸಹಾಯ ಮಾಡಬಾರದು. ನಿಮಗೆ ಅರ್ಥವಾಗದ ಜಾಗ ಎಲ್ಲಿ ಅಂತ ಮಾತ್ರ ಹೇಳಿ, ಅಷ್ಟು ಚಿತ್ರಗಳನ್ನು ಅವನು ಮತ್ತೆ ಬರೆಯಲಿ. ಇದರಲ್ಲಿ ಅವನಿಗೆ ಬೇಜಾರು ಬರದೆ ಇನ್ನೂ ಬೇಕು ಅನ್ನಿಸಿದರೆ, ಆಮೇಲೆ ಬ್ಲೆಂಡರ್ ಇಳಿಸಿಕೊಡಿ. ಅದರಲ್ಲಿ ಗ್ರೀಸ್ ಪೆನ್ಸಿಲ್ ಅನ್ನುವ ಸಲಕರಣೆ ಇದೆ, ಕೈಯಲ್ಲಿ ಬರೆದ ಚಿತ್ರವನ್ನೇ ಅಲ್ಲಿ ಓಡಿಸಬಹುದು. ಮೊದಲ ಆನಿಮ್ಯಾಟಿಕ್ ಆದಾಗ ನನಗೂ ಕಳಿಸಿ, ನೋಡಿ ಇದೇ ಪುಟದಲ್ಲಿ ಉತ್ತರ ಬರೆಯುತ್ತೇನೆ.